ಮೊಣಕಾಲಿನಿಂದ ಮುಂದೆ

ಹೆಸರು ಜಲಜಾಕ್ಷಿ. ಈಜು ಬಾರದು.
ಇದನ್ನು ಹೇಳಿದಾಗಲೆಲ್ಲ ಆಫೀಸಿನಲ್ಲಿ
ಹೆಸರಿನ ಅರ್ಥ ಗೊತ್ತಿರುವ ಒಬ್ಬನೇ ಒಬ್ಬ,
ಸ್ಟೋರಿನ ಲಕ್ಷ್ಮಣ ಕುಂದರ್, ನಗುತ್ತಾನೆ.

ಮಲ್ಪೆಯಲ್ಲಿ ಅಪ್ಪ ಕೈರಂಪಣಿಯ ಹಗ್ಗ ಹಿಡಿದವನು.
ಅಣ್ಣಂದಿರನ್ನು ದೋಣಿಯಂಚಿನಿಂದ ಎತ್ತಿ ಎಸೆದು ಈಜು ಕಲಿಸಿದ,
ನನ್ನ ಕೈಗೆ ಬುಟ್ಟಿ ಕೊಟ್ಟ.
‘ಹೆಣ್ಣಿಗೆ ಮೊಣಕಾಲುದ್ದ ನೀರು ಸಾಕು.’
ಅವನ ಮೇಲೆ ಸಿಟ್ಟಿಲ್ಲ. ಆ ಮಾತಿಗೆ ನಲವತ್ತು ವರ್ಷವಾಯಿತು,
ಆಮೇಲಿನ ತಡವೆಲ್ಲ ನನ್ನದೇ.

ಮಸ್ಕತ್ತಿಗೆ ಬಂದು ಹದಿನಾಲ್ಕು ವರ್ಷ.
ಅಜೈಬಾದ ಕಡಲಿಗೂ ನನ್ನ ಮಂಚಕ್ಕೂ ನಡುವೆ
ಎರಡು ಸಿಗ್ನಲ್, ಒಂದು ಪೆಟ್ರೋಲ್ ಬಂಕು, ಒಂದು ಚಹಾದಂಗಡಿ.
ಬಂದ ಮೊದಲ ತಿಂಗಳೇ ಡೈರಿಯಲ್ಲಿ ಬರೆದೆ: ಈ ವರ್ಷ ಈಜು.
ಕೆಳಗೆ ಸ್ಕೇಲಿಟ್ಟು ಎರಡು ಗೆರೆ.
ಗೆರೆ ನೇರವಾಗಿ ಬಂದಿತ್ತು. ಆ ದಿನಕ್ಕೆ ಅಷ್ಟು ಸಾಕೆನಿಸಿತು.

ನೀರಿನೊಳಗೆ ನೋಡುವ ಕನ್ನಡಕ ಕೊಂಡೆ.
ಅದಕ್ಕೊಂದು ಚೀಲ ಹೊಲಿದೆ, ಚೀಲಕ್ಕೆ ಲಾಡಿ.
ಭರತ ಇಳಿತದ ಪಟ್ಟಿ ಮಾಡಿದೆ, ಎಕ್ಸೆಲ್ಲಿನಲ್ಲಿ,
ಇಳಿತಕ್ಕೆ ಹಳದಿ, ಭರತಕ್ಕೆ ನೀಲಿ;
ನೀಲಿ ಸ್ವಲ್ಪ ಗಾಢವಾಯಿತೆಂದು ಒಂದು ಶುಕ್ರವಾರ ಕಳೆಯಿತು.

ಹೊಟ್ಟೆಪಾಡೂ ಅಂಥದ್ದೇ, ಡಾಕ್ಯುಮೆಂಟ್ ಕಂಟ್ರೋಲರ್:
ಯಾರೋ ಬರೆದ ನಕ್ಷೆಗೆ ನಂಬರು, ಮುದ್ರೆ, ಮೇಲುಹಾಳೆ.
ರಿವಿಷನ್ ಎ, ರಿವಿಷನ್ ಬಿ, ರಿವಿಷನ್ ಸಿ.
ಕೆಲವು ಸೇತುವೆಗಳು ಝಡ್ ತನಕ ಹೋಗಿ
ಕಾಗದದಲ್ಲೇ ಮುದಿಯಾದವು.

ಆಮೇಲೆ ಸಂಘ.
ರಾಜ್ಯೋತ್ಸವಕ್ಕೆ ಕುರ್ಚಿ ಎಷ್ಟು, ಶಾಲು ಎಷ್ಟು,
ಅತಿಥಿಯ ವಿಮಾನ ಎಷ್ಟು ಗಂಟೆಗೆ,
ಆಮಂತ್ರಣದಲ್ಲಿ ಯಾರ ಹೆಸರು ಯಾರ ಹೆಸರಿನ ಮೇಲೆ.
ಆರು ವರ್ಷ ಜೊತೆ ಕಾರ್ಯದರ್ಶಿಯಾಗಿ
ಉಸಿರಾಡಲೂ ಪುರುಸೊತ್ತಿಲ್ಲ ಎಂದೆ.
ಪುರುಸೊತ್ತು ಇತ್ತು.
ಅದನ್ನು ಕಂಡರೆ ಹೆದರಿಕೆಯೂ ಇತ್ತು.
ಇದನ್ನು ನನಗೆ ನಾನೇ ಹೇಳಿಕೊಂಡದ್ದು ತೀರ ಈಚೆಗೆ,
ಫ್ರಿಜ್ಜಿನ ರಬ್ಬರ್ ಪಟ್ಟಿಯ ಸಂದಿಯನ್ನು
ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದಾಗ.
ಬೆಳಗಿನ ಐದು ಗಂಟೆ. ಶುಕ್ರವಾರ.
ಕೊಳೆ ಇರಲಿಲ್ಲ. ಹಿಂದಿನ ಶುಕ್ರವಾರವೂ ತಿಕ್ಕಿದ್ದೆ.

ಬ್ರಷ್ಷನ್ನು ಅಲ್ಲೇ ಬಿಟ್ಟು ಹೊರಟೆ.
ಕನ್ನಡಕ ಚೀಲದಲ್ಲೇ ಉಳಿಯಿತು.

ದಡದಲ್ಲಿ ಮೀನುಗಾರರು ಬಲೆಯ ತುದಿಯನ್ನು
ಪಿಕಪ್ ಗಾಡಿಗೆ ಕಟ್ಟಿ ಎಳೆಸುತ್ತಿದ್ದರು.
ಊರಲ್ಲಿ ನಲವತ್ತು ಜನ, ಇಲ್ಲಿ ಒಂದು ಟೊಯೋಟಾ.
ಅದೇ ಕಡಲು ಎಂದು ಹೇಳಲಾರೆ. ಇಲ್ಲಿಯದಕ್ಕೆ
ಉಪ್ಪು ಹೆಚ್ಚು, ಅಲೆ ಕಡಿಮೆ,
ಯಾರ ಮಗಳು ಎಂದು ಕೇಳುವುದಿಲ್ಲ.

ಚೂಡಿದಾರದಲ್ಲೇ ಇಳಿದೆ. ಮೊಣಕಾಲು ಬಂತು.
ನಿಂತೆ.
ಆಗಲೇ ನೆನಪಾಗಬೇಕೆ, ಕಟ್ಟದ ಕರೆಂಟು ಬಿಲ್ಲು,
ತಂಗಿಗೆ ಮಾಡಬೇಕಿದ್ದ ಫೋನು, ನೆನೆಹಾಕದ ಉದ್ದು!
ಒಂದೊಂದೂ ಕೈಹಿಡಿದು ದಡಕ್ಕೆ ಕರೆಯಿತು,
ಬಲು ಮರ್ಯಾದೆಯಿಂದ.

ಅಬಾಯ ತೊಟ್ಟೇ ಎದೆಮಟ್ಟದ ನೀರಿನಲ್ಲಿ
ಮೊಮ್ಮಗುವನ್ನು ತೇಲಿಸುತ್ತಿದ್ದ ಒಬ್ಬ ಮುದುಕಿ
ನನ್ನತ್ತ ತಿರುಗಿ ಅರಬಿಯಲ್ಲಿ ಏನೋ ಅಂದಳು.
ತನ್ನ ತಲೆ ಹಿಂದಕ್ಕೆ ಬಾಗಿಸಿ ತೋರಿಸಿದಳು: ಹೀಗೆ, ಮಲಗು.
ಅಂಗೈ ನನ್ನ ಬೆನ್ನಡಿಗೆ ಬಂತು,
ದೋಸೆಯಡಿಗೆ ಸಟ್ಟುಗ ಬರುವ ಹಾಗೆ.

ಮೊದಲ ಸಲ ಮೂಗಿಗೆ ನೀರು. ಎರಡನೆಯ ಸಲವೂ.
ಮೂರನೆಯದರಲ್ಲಿ ಕಿವಿ ಮುಳುಗಿ ಟೊಯೋಟಾದ ಸದ್ದು ನಿಂತಿತು.
ನಾಲ್ಕು ಎಣಿಸುವಷ್ಟು ಹೊತ್ತು, ಹೆಚ್ಚೆಂದರೆ ಐದು,
ನಾನು ಯಾವುದರ ಕಾರ್ಯದರ್ಶಿಯೂ ಆಗಿರಲಿಲ್ಲ.

ಇದು ಈಜಲ್ಲ, ಗೊತ್ತು.
ಮುಂದಿನ ಶುಕ್ರವಾರ ಮತ್ತೆ ಹೋಗುತ್ತೇನೆ ಎಂದು
ಎಲ್ಲಿಯೂ ಬರೆದಿಟ್ಟಿಲ್ಲ,
ಕುಂದರನಿಗೂ ಹೇಳಿಲ್ಲ.
ಬಚ್ಚಲಿನ ಹಗ್ಗದಲ್ಲಿ ಚೂಡಿದಾರ ತೊಟ್ಟಿಕ್ಕುತ್ತಿದೆ.
ಉದ್ದು ಇನ್ನೂ ಡಬ್ಬಿಯಲ್ಲೇ ಇದೆ.