ತೊಂಬತ್ತು ಸೆಕೆಂಡು

ಸ್ಟಾಶ್‌ನ ಗ್ಯಾರೇಜು. ಆಗಸ್ಟಿನ ಕೊನೆಯ ಶನಿವಾರ.
ಈರೀ ಸರೋವರದ ಕಡೆಯಿಂದ ಬೀಸಿದ ಗಾಳಿಗೆ
ಗೋಡೆಯ ಮೇಲಿನ ಹಾಳೆ ಪಟಪಟ ಹೊಡೆದುಕೊಳ್ಳುತ್ತಿತ್ತು:
ಹನ್ನೆರಡು ಹೆಸರು, ಹದಿನಾರು ಸುತ್ತು,
ಯಾರೂ ಇನ್ನೂ ಕಾಲಿಡದ ಹಿಮದಂಥ ಚೌಕಗಳು.

ನಮ್ಮಲ್ಲಿ ಯಾರೂ ಓಡುವವರಲ್ಲ.
ರೈಲು ಎಂಜಿನ್ ಕಾರ್ಖಾನೆಯ ಮೂವರು, ಒಬ್ಬ ಪಾದ್ರಿ,
ಶಾಲೆಯ ಬಸ್ಸು ನಡೆಸುವ ಗ್ವೆಂಡೊಲಿನ್, ಇತ್ಯಾದಿ.
ಚೆಂಡು ಕಂಕುಳಲ್ಲಿ ಅವುಚಿಕೊಂಡು ಬೇರೆ ಯಾರೋ ಓಡಿದ ಗಜಗಳನ್ನು
ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಫ್ಯಾಂಟಸಿ ಲೀಗು.
ಕಳೆದ ಸಲ ಕೊನೆಯವಳಾದ ತಪ್ಪಿಗೆ
ಜನವರಿಯ ಹಿಮದಲ್ಲಿ, ಪೆಟ್ರೋಲ್ ಬಂಕಿನೆದುರು
ಮೇಜು ಹಾಕಿ ನಿಂಬೆ ಪಾನಕ ಮಾರಿದವಳು ನಾನು.
ಮೂರು ಲೋಟ ಹೋಯಿತು. ಒಂದನ್ನು ಪಾದ್ರಿಯೇ ಕೊಂಡ.

ಏಳನೆಯ ಸರದಿ ನನ್ನದು.
ಕೋಳಿಯಾಕಾರದ ಅಡುಗೆಮನೆ ಟೈಮರನ್ನು
ತೊಂಬತ್ತಕ್ಕೆ ತಿರುಗಿಸಿ ಇಟ್ಟ ಸ್ಟಾಶ್.

ಆ ಹುಡುಗ ಇನ್ನೂ ಉಳಿದಿದ್ದ.
ಜಬಾರಿ ಟಾಲ್ಬರ್ಟ್, ಇಪ್ಪತ್ತೊಂದು ವರ್ಷ,
ದೊಡ್ಡವರ ಮೈದಾನದಲ್ಲಿ ಒಂದು ಹೆಜ್ಜೆಯೂ ಇಟ್ಟವನಲ್ಲ.
ಆದರೂ ಬೇಸಿಗೆಯಿಡೀ ಅವನದೇ ಮಾತು,
ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ.
ಅಭ್ಯಾಸದ ದಿನ ತೆಗೆದ ಹನ್ನೊಂದು ಸೆಕೆಂಡಿನ ವಿಡಿಯೊ:
ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ಹೊರಟ;
ತಡೆಯಬಂದವನು ತನ್ನ ಕಾಲಿಗೆ ತಾನೇ ತೊಡರಿ ಕೂತ.
ನಾನೂ ನೋಡಿದೆ. ನಲವತ್ತು ಸಲ ಇರಬಹುದು.

ಕೂಸು ಹುಟ್ಟುವ ಮುಂಚೆ ಕುಲಾವಿ, ಗೊತ್ತು.
ಹೊಸತರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದ, ಅದೂ ಗೊತ್ತು.
ಆದರೆ ಕುಲಾವಿ ಇಷ್ಟು ಚೆಂದ ಇದ್ದರೆ
ಯಾರ ಕೈ ತಾನೇ ಸುಮ್ಮನಿರುತ್ತದೆ?

ಅರವತ್ತು.

ಹೋದ ವರ್ಷವೂ ಹೀಗೇ ಒಬ್ಬ, ಕಾರ್ವರ್ ಲಿಂಡ್.
ಎರಡನೇ ಯೋಚನೆಯಿಲ್ಲದೆ ಎತ್ತಿಕೊಂಡಿದ್ದೆ.
ಆರು ವಾರ ಕುದುರೆ. ಏಳನೆಯ ವಾರ, ಮೂರನೆಯ ಓಟ,
ಯಾರೂ ಮುಟ್ಟಲಿಲ್ಲ, ಹುಲ್ಲೇ ಹಿಡಿದುಕೊಂಡಿತು;
ಮಂಡಿ ತಿರುಗಬಾರದ ಕಡೆ ತಿರುಗಿತು.
ಸೋಫಾದ ಮೇಲಿದ್ದ ನಾನು ಮೊದಲು ಕೂಗಿದ್ದು:
'ಅಯ್ಯೋ, ನನ್ನ ಪಾಯಿಂಟು!'

ನಾನು. ಮೂಳೆ ವಾರ್ಡಿನ ಫಿಸಿಯೊ.
ಇಪ್ಪತ್ತೆರಡು ವರ್ಷದಿಂದ ಹೊಲಿದ ಮಂಡಿಗಳಿಗೆ
ಮಡಚುವುದನ್ನು ಮತ್ತೆ ಕಲಿಸುತ್ತಿರುವವಳು;
ಇನ್ನೊಂದು ಡಿಗ್ರಿ, ಇನ್ನೊಂದೇ ಒಂದು, ಎಂದು
ದಿಂಬು ಕಚ್ಚಿ ಅಳುವ ಲಾರಿ ಡ್ರೈವರುಗಳನ್ನು ರಮಿಸುವವಳು.
ಮರುದಿನ ಯಾರದೋ ಮಂಡಿ ಅಂಗೈಯಲ್ಲಿ ಹಿಡಿದಾಗ
ಅದು ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡಿನಂತೆ ಬೆಚ್ಚಗಿತ್ತು.
ಕೈ ತೆಗೆದುಬಿಡಬೇಕೆನಿಸಿತು.

'ಮಾರ್ಲಿಸ್, ನಿದ್ದೆ ಬಂತೇ?' ಅಂದ ಸ್ಟಾಶ್.

ಇನ್ನೊಂದು ಹೆಸರಿತ್ತು: ಡೆಸ್ಮಂಡ್ ಓಕ್ಸ್.
ಇಪ್ಪತ್ತೊಂಬತ್ತಕ್ಕೇ ಈ ಆಟದಲ್ಲಿ ಮುದುಕ.
ಪ್ರತಿ ಭಾನುವಾರ ಅರವತ್ತು ಗಜ, ಹೆಚ್ಚಿಲ್ಲ, ಕಮ್ಮಿಯಿಲ್ಲ,
ಗಾಣದೆತ್ತಿನ ಹಾಗೆ.
ಅವನ ವಿಡಿಯೊ ಯಾರೂ ನೋಡುವುದಿಲ್ಲ.
ಎರಡೂ ಮಂಡಿಗೆ ಹೊಲಿಗೆ ಬಿದ್ದಾಗಿದೆ. ಹೆದರಿಸಲು
ಅವಕ್ಕೆ ಹೊಸದೇನೂ ಉಳಿದಿಲ್ಲ.

ಹತ್ತು. ಒಂಬತ್ತು.
ಟಾಲ್ಬರ್ಟ್ ಹೆಸರಿನ ಚೀಟಿ ಬೆರಳಿಗೆ ಅಂಟಿತ್ತು, ನಿಜ.
ಬಾಯಿ ಮಾತ್ರ 'ಓಕ್ಸ್' ಅಂದಿತು.

ಎಂಟನೆಯವಳು ಗ್ವೆಂಡೊಲಿನ್. ಕೋಳಿಯ ಕತ್ತು ತಿರುಗುವ ಮೊದಲೇ
ಆ ಚೀಟಿಯನ್ನು ನನ್ನ ಬೆರಳಿಂದಲೇ ಕಿತ್ತು
ಗೋಡೆಗೆ ಬಡಿದಳು. ಗ್ಯಾರೇಜೆಲ್ಲ ಕೇಕೆ.

ಅಕ್ಟೋಬರಿನ ಒಂದು ಭಾನುವಾರ ಅವಳಿಗೂ ನನಗೂ ಪಂದ್ಯ.
ಹುಡುಗ ಎಪ್ಪತ್ತೊಂದು ಗಜ, ಒಂದೇ ಉಸಿರಿಗೆ;
ಒಂದೊಂದು ಗಜವೂ ನನ್ನ ಬುಡಕ್ಕೆ ಕೊಡಲಿ.
ನಾನೋ ಸೋಫಾದಿಂದೆದ್ದು, ಪರದೆಗೆ ಮೂಗು ತಾಗಿಸಿ
ಅವನ ಮಂಡಿಯನ್ನೇ ನೋಡುತ್ತಿದ್ದೆ:
ಹುಲ್ಲೇ, ಬಿಡು ಅವನನ್ನು, ಬಿಡು,
ಬಿಡು.
ಬಿಟ್ಟಿತು.

ಇವತ್ತಿಗೆ ಹನ್ನೆರಡರಲ್ಲಿ ನಾನು ಹನ್ನೊಂದನೆಯವಳು.
ಅಂಗಡಿಯಲ್ಲಿ ನಿಂಬೆಹಣ್ಣು ಅಗ್ಗವಾಗಿ ಕಂಡರೆ
ಕೈ ತಾನೇ ಬುಟ್ಟಿಗೆ ಹಾಕುತ್ತದೆ.