ನೂಲು ಕಚ್ಚುವ ಬಾಯಿ

ಹೆಸರು ಸುಲಭಾ. ಹೇಳುವುದು ಕಷ್ಟ.
ಮುಂದಿನ ಹಲ್ಲುಗಳ ಕಿಂಡಿಯಲ್ಲಿ ನಾಲಿಗೆ ಇಣುಕಿ
ಸಕಾರ ಥಕಾರವಾಗಿ
ಶಾಲೆಯ ಹಾಜರಿಯಲ್ಲಿ ನಾನು ಥುಲಭಾ ತಾಂಡೇಲ.
ಮಾಸ್ತರರೂ ನಕ್ಕಿದ್ದರು, ಒಂದೇ ಸಲ. ಸಾಕಾಯಿತು.

ಕೋಡಿಬಾಗದ ಈ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ
ರವಿಕೆ ಹೊಲಿಯುತ್ತೇನೆ.
ಬೇರೆ ದರ್ಜಿಗಳು ಕಟಕ್ಕನೆ ನೂಲು ಕಚ್ಚುತ್ತಾರೆ.
ನಾನು ಕಚ್ಚಿದರೆ ನೂಲು ಒದ್ದೆಯಾಗುತ್ತದೆ, ಅಷ್ಟೇ.
ಮೇಲಿನ ಸಾಲು ಕೆಳಗಿನದನ್ನು ಮುಟ್ಟುವುದೇ ಇಲ್ಲ;
ಕಾಳಿಯ ಅಳಿವೆಯ ಹಾಗೆ ಸದಾ ತೆರೆದದ್ದು,
ಒಳಗಿಂದ ನಾಲಿಗೆಯ ಭರತ.
ಅದಕ್ಕೇ ಕೊರಳಲ್ಲಿ ದಾರ ಕಟ್ಟಿದ ಪುಟ್ಟ ಕತ್ತರಿ.
ಗಿರಾಕಿಗಳು ಅದನ್ನು ಫ್ಯಾಷನ್ ಅಂದುಕೊಂಡಿದ್ದಾರೆ.

ಮೂವತ್ತಾರಕ್ಕೆ, ಚೀಟಿ ಎತ್ತಿದ ದುಡ್ಡು ಹಿಡಿದು
ಬೇಕರಿಯ ಮೇಲಿನ ಮೆಟ್ಟಿಲು ಹತ್ತಿದೆ.
ಡಾಕ್ಟರು ನೇತ್ರಾವತಿ ಮಾಂಜ್ರೇಕರ
ನನ್ನದೇ ದವಡೆಯನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು
ಕಿಂಡಿಯಲ್ಲಿ ಪೆನ್ಸಿಲ್ ತೂರಿಸಿ ತೋರಿಸಿದರು:
ನಾಲ್ಕೂವರೆ ಮಿಲಿಮೀಟರ್.
ನನ್ನ ಟೇಪಿನಲ್ಲಿ ಅದು ಅಂಚು ಮಡಿಸಲೂ ಸಾಲದು.
ಅಷ್ಟರಲ್ಲಿ ಎಷ್ಟು ಮಾತು ಸೋರಿಹೋಗಿತ್ತು!

"ಚಿಕ್ಕವಳಿದ್ದಾಗ ಬಂದಿದ್ದರೆ ನಾಲಿಗೆಗೆ ತಂತಿಯ ಬೇಲಿ ಸಾಕಿತ್ತು.
ಈಗ ಒಂದು ದಾರಿ, ದವಡೆ ಕತ್ತರಿಸಿ ಕೂರಿಸುವುದು;
ಹುಬ್ಬಳ್ಳಿಗೆ ಹೋಗಬೇಕು, ಆರು ವಾರ ಗಂಜಿ.
ಬರೀ ತಂತಿ ಕಟ್ಟಿ ರಬ್ಬರಿನಲ್ಲಿ ಮುಂದಿನ ಹಲ್ಲು ಎಳೆಯಬಹುದು,
ಎಳೆದದ್ದು ಮತ್ತೆ ಜಾರಲೂಬಹುದು.
ಇಲ್ಲವೇ ಎಲುಬಿಗೆ ನಾಲ್ಕು ಸಣ್ಣ ಸ್ಕ್ರೂ ಹಾಕಿ
ಹಿಂದಿನ ದವಡೆಹಲ್ಲನ್ನು ಒಳಕ್ಕೆ ಒತ್ತಬೇಕು."
ತೆರೆದಿರುವುದು ಮುಂದೆ. ಹಿಂದಿನದನ್ನೇಕೆ?
ಕೇಳುವ ಮೊದಲೇ ನನಗೆ ಹೊಳೆಯಿತು:
ಭುಜದಲ್ಲಿ ಕಾಲಿಂಚು ಹಿಡಿದರೆ
ಜೋಲುವ ಕೊರಳು ತಾನೇ ಕೂರುವುದಿಲ್ಲವೇ?
ಸರಿ ಎನ್ನಲು ಸಕಾರ ಬೇಕು.
ಹೂಂ, ಎಂದೆ.

ಇಪ್ಪತ್ತು ತಿಂಗಳು.
ಬಂಗಡೆಯ ಮುಳ್ಳು ತಂತಿಗೆ ಸಿಕ್ಕಿದ ಮಧ್ಯಾಹ್ನಗಳು,
ಆಕಳಿಸಿದಾಗ ಪಟ್ಟನೆ ಹಾರಿ
ಬ್ಯಾಂಕಿನ ಮೇಡಮ್ಮಿನ ಸೆರಗಿನ ಮೇಲೆ ಬಿದ್ದ ರಬ್ಬರು,
"ಈ ವಯಸ್ಸಲ್ಲಿ ಯಾರಿಗೆ ತೋರಿಸಲಿಕ್ಕೆ?" ಎಂಬ ಅಕ್ಕ.
ಸ್ಕ್ರೂ ಹೇಗೋ ಸಹಿಸಿದೆ. ಬಗ್ಗದ್ದು ನಾಲಿಗೆ.
"ನ ಎನ್ನುವಾಗ ತುದಿ ಎಲ್ಲಿ ತಾಗುತ್ತದೋ
ಅಲ್ಲೇ ಊರಿ ಉಗುಳು ನುಂಗು."
ಮಶೀನು ತುಳಿಯುತ್ತ, ನ, ನುಂಗು. ನ, ನುಂಗು.
ನಮ್ಮ ಕೊಂಕಣಿಯಲ್ಲಿ ನಾ ಎಂದರೆ ಇಲ್ಲ.
ದಿನವಿಡೀ ಇಲ್ಲ, ಇಲ್ಲ ಎನ್ನುತ್ತ
ಒಂದು ಕಿಂಡಿ ಇಲ್ಲವಾಯಿತು.

ತಂತಿ ಬಿಚ್ಚಿದ ದಿನ ತೆಳ್ಳನೆಯ ಕಾಗದ ಕೊಟ್ಟು
"ಕಚ್ಚು" ಎಂದರು. ಎಳೆದರು. ಬರಲಿಲ್ಲ.
ಮೂಲೆ ಮಾತ್ರ ಹರಿದು ಅವರ ಕೈಗೆ ಬಂತು.
"ರಾತ್ರಿ ರಿಟೇನರ್ ಮರೆಯಬೇಡ. ಮತ್ತೆ
ನೂಲು ಗೀಲು ಕಚ್ಚಬೇಡ ಮಾರಾಯ್ತಿ, ಅಂಚು ಸವೆಯುತ್ತದೆ."

ಅಂಗಡಿಗೆ ಬಂದು ಬಾಗಿಲು ಓರೆ ಮಾಡಿದೆ.
ಮಾಜಾಳಿಯ ಮದುಮಗಳ ರವಿಕೆ, ಕೊನೆಯ ಹುಕ್ಕು,
ಗಿಳಿಹಸಿರು ನೂಲು.
ಕಟಕ್.
ಕತ್ತರಿ ಕೊರಳಲ್ಲೇ ಇತ್ತು,
ಏನೂ ಹೇಳಲಿಲ್ಲ.