ಅಳಿವೆ ದಾಟುವ ಲೆಕ್ಕ

ಊಟದ ಮೇಜು ಈಗ ಉತ್ತರ ಸಮುದ್ರ.
ಉಪ್ಪಿನಕಾಯಿ ಭರಣಿ ವಿಟ್ಬಿಯ ಮೇಲೆ,
ಕನ್ನಡಕದ ಡಬ್ಬಿ ಹಾರ್ಟಲ್‌ಪೂಲಿನ ಮೇಲೆ,
ಸುರುಳಿ ಸುತ್ತಿಕೊಳ್ಳಲು ಹಟ ಹಿಡಿದ ನಕ್ಷೆಯ ಈ ತುದಿಗೆ,
ನಮ್ಮ ಆಂಬಲ್ ಊರಿಗೆ, ನನ್ನ ಮೊಣಕೈ.

ದೋಣಿ ಇನ್ನೂ ಅಲ್ಲೇ, ವಿಟ್ಬಿಯ ಸೇತುವೆಯ ಒಳಗೆ.
ಇಪ್ಪತ್ತೇಳು ಅಡಿ. ಒಂದೇ ಎಂಜಿನ್. ಹದಿನೆಂಟು ವರ್ಷ ಪ್ರಾಯ.
ಮಾರಿದವಳು ಡೊರೀನ್ ಸ್ಟೋರ್. ಚೆಕ್ಕನ್ನು ಎರಡು ಮಡಿಕೆ ಮಾಡಿ
ಕೋಟಿನ ಒಳಜೇಬಿಗೆ ತಟ್ಟನೆ ಇಳಿಸಿದಳು,
ಕೀಲಿ ಕೊಡಲು ಮಾತ್ರ ತುಸು ಹೊತ್ತು ಹಿಡಿಯಿತು.
ಹಿಂಬದಿಗೆ ನೀಲಿ ಅಕ್ಷರ: ಸೆಕೆಂಡ್ ಹೆಲ್ಪಿಂಗ್.
ಹೆಸರು ಬದಲಿಸಬೇಡಿ, ಅಪಶಕುನ, ಎಂದಳು.
ಬದಲಿಸುವುದೇಕೆ? ಪಂಕ್ತಿಯಲ್ಲಿ
ಎರಡನೇ ಸಲ ಅನ್ನ ವಿಚಾರಿಸಲು ಬಂದವರಿಗೆ
ಎಲೆಯ ಮೇಲೆ ಕೈ ಅಡ್ಡ ಹಿಡಿದೇ ಅರವತ್ತೊಂದು ವರ್ಷವಾಯಿತು.
ಈ ಸಲ ಕೈ ತೆಗೆದೆ, ಅಷ್ಟೆ.

ನಮ್ಮಲ್ಲಿ ಹೆಂಗಸರ ಕಡಲು ಧಕ್ಕೆಯವರೆಗೆ.
ಬುಟ್ಟಿ ನಮ್ಮದು, ಬೆಲೆ ನಮ್ಮದು, ಬೈಗುಳವೂ ನಮ್ಮದೇ;
ದೋಣಿಗೆ ಕಾಲಿಟ್ಟರೆ ಮಾತ್ರ ಮೀನು ಮುನಿಯುತ್ತಿತ್ತು.
ಚಿಕ್ಕಪ್ಪ ಅಳಿವೆ ನೋಡುತ್ತಿದ್ದ, ಕುಕ್ಕರುಗಾಲಲ್ಲಿ ಕೂತು,
ಒಂದು ಬೀಡಿ ಮುಗಿಯುವಷ್ಟು ಹೊತ್ತು ಅಲೆ ಎಣಿಸಿ.
ಇವತ್ತಿಲ್ಲ ಎಂದರೆ ಇಲ್ಲ. ಯಾಕೆಂದು ಹೇಳುತ್ತಿರಲಿಲ್ಲ.
ಆ ಯಾಕೆಯನ್ನು ನಾನು ನಾರ್ತ್ ಶೀಲ್ಡ್ಸಿನಲ್ಲಿ ಕಲಿತೆ,
ಮಂಗಳವಾರದ ರಾತ್ರಿ ತರಗತಿ, ಇಪ್ಪತ್ತೆರಡರ ಹುಡುಗರ ನಡುವೆ.
ಮೂವತ್ತು ವರ್ಷ ಎಕ್ಸ್‌ರೇ ಓದಿದ ಕಣ್ಣಿಗೆ
ನೀರಿನಡಿಯ ಎಲುಬು ಅಷ್ಟೇನೂ ಹೊಸದಲ್ಲ.

ಈಗ ಲೆಕ್ಕ. ಗುರುವಾರ, ಫೆಬ್ರುವರಿ.
ಬೆಳಕು ಒಂಬತ್ತೂವರೆ ಗಂಟೆ; ಅದರಲ್ಲೊಂದನ್ನು ನಂಬಬಾರದು.
ಉಬ್ಬರ ಎಂಟು ಐವತ್ತಕ್ಕೆ. ಸೇತುವೆ ಎಂಟಕ್ಕೆ ತೆರೆದರೆ
ಎಂಟು ಇಪ್ಪತ್ತಕ್ಕೆ ಕಟ್ಟೆಗಳ ಆಚೆ. ಏಳು ನಾಟ್ ವೇಗ.
ಹನ್ನೆರಡರೊಳಗೆ ಹಾರ್ಟಲ್‌ಪೂಲ್, ಅಲ್ಲೇ ರಾತ್ರಿ.
ಮರುದಿನ ಟೈನ್ ನದಿ. ಮೂರನೇ ದಿನ ಕಾಕೆಟ್ ದ್ವೀಪ, ಮನೆ.
ಬೇಸಿಗೆಯಲ್ಲಾದರೆ ದಾರಿಯುದ್ದಕ್ಕೂ ಯಾರಾದರೂ ಹಗ್ಗ ಹಿಡಿಯುತ್ತಾರೆ;
ಈಗ ಡೀಸೆಲ್ ಬೇಕೆಂದರೆ ಹಿಂದಿನ ದಿನವೇ ಫೋನ್ ಮಾಡಿ
ಎರಡು ಬಾರಿ ದಯವಿಟ್ಟು ಎನ್ನಬೇಕು.

ಪುಸ್ತಕದ ಬಲಗಡೆ ಇನ್ನೊಂದು ಕಾಲಂ: 'ಆಗದಿದ್ದರೆ'.
ಸೀಹ್ಯಾಮ್: ಗೇಟು ಮುಚ್ಚಿದ್ದರೆ? ಬೇಡ.
ಸಂಡರ್ಲೆಂಡ್: ಸರಿ.
ವಿಟ್ಬಿಗೇ ವಾಪಸ್? ಗಾಳಿ ಉತ್ತರಕ್ಕೆ ತಿರುಗಿದರೆ
ಅಳಿವೆಯಲ್ಲೇ ಅಲೆ ಒಡೆಯುತ್ತದೆ,
ಹೊರಟು ಬಂದ ಬಾಗಿಲು ಗೋಡೆಯಾಗಿರುತ್ತದೆ.
ಎಡಗಡೆಯದಕ್ಕಿಂತ ಈ ಕಾಲಮ್ಮೇ ಉದ್ದವಾಗಿದೆ.

ಜೊತೆಗೆ ಬರುವ ಆಲ್ವಿನ್ ಡಾಡ್ಸ್, ನಲವತ್ತು ವರ್ಷ
ಟ್ರಾಲರುಗಳ ಹೊಟ್ಟೆಯೊಳಗಿದ್ದವನು, ನಕ್ಷೆಯತ್ತ ನೋಡುವುದೇ ಇಲ್ಲ.
ಫಿಲ್ಟರ್ ಎಷ್ಟು ತಂದಿದ್ದೀರಿ, ಮಿಸೆಸ್ ತಿಂಗಳಾಯ?
ಎರಡು.
ಆರು ತನ್ನಿ. ಚಳಿಗಾಲವಿಡೀ ಸುಮ್ಮನೆ ನಿಂತ ಟ್ಯಾಂಕ್.
ತಳದಲ್ಲಿ ಏನು ಕೂತಿದೆಯೋ, ದೋಣಿ ಹೊರಳಾಡುವವರೆಗೆ
ಯಾರಿಗೂ ಗೊತ್ತಾಗುವುದಿಲ್ಲ.
ಬಿಸ್ಕತ್ತು ಚಹಾದಲ್ಲಿ ಮುರಿದು ಬೀಳುತ್ತದೆ.
ಚಮಚ ಕೇಳುತ್ತಾನೆ.

ಬುಧವಾರ ಸಂಜೆಯ ರೇಡಿಯೋ:
ಈಶಾನ್ಯ ನಾಲ್ಕರಿಂದ ಐದು, ಬಳಿಕ ಇಳಿಮುಖ.
ಗಾಳಿ ಇಳಿದೀತು. ಅದು ಎಬ್ಬಿಸಿದ ಎರಡು ಮೀಟರಿನ ಉಬ್ಬು,
ನಾರ್ವೆಯ ಕಡೆ ಎಲ್ಲೋ ಹುಟ್ಟಿದ್ದು, ನಾಳೆ ಬೆಳಿಗ್ಗೆ
ಸರಿಯಾಗಿ ಎಂಟು ಇಪ್ಪತ್ತಕ್ಕೆ ವಿಟ್ಬಿ ತಲುಪುತ್ತದೆ.
ಆಲ್ವಿನ್‌ಗೂ ಗೊತ್ತು. ಅವನು ಕಿಟಕಿ ನೋಡುತ್ತಾನೆ;
ಕಾಗದದಲ್ಲಿರುವ ಹೆಸರು ನನ್ನದು.
ಕುಕ್ಕರುಗಾಲಲ್ಲಿ ಕೂರಲು ಮಂಡಿ ಬಿಡದು,
ನಿಂತೇ ಸೇತುವೆಯವನಿಗೆ ಫೋನ್ ಮಾಡುತ್ತೇನೆ.
ನಾಳೆ ಇಲ್ಲ.
ಸರಿ ಅಮ್ಮಾ, ಎಂದು ಅವನು ಇಡುತ್ತಾನೆ.

ರಬ್ಬರಿನಿಂದ ಗುರುವಾರವನ್ನು ಉಜ್ಜಿದ ಕಡೆ ಕಾಗದ ತೆಳುವಾಗಿದೆ.
ಅದರ ಮೇಲೆಯೇ ಮೆಲ್ಲಗೆ ಬರೆಯುತ್ತೇನೆ: ಸೋಮವಾರ.
ಉಬ್ಬರ ಹನ್ನೆರಡು ಹತ್ತಕ್ಕೆ.
ಹಗಲು ಕಾಲು ಗಂಟೆ ಹೆಚ್ಚು.
ಫಿಲ್ಟರ್ ನಾಲ್ಕು ಕಮ್ಮಿ.